ವೀಣೆಗೊಂದು ವಾಲ್ವ್ ಡಬ್ಬಿ

ಡಿಐ ಬಾಕ್ಸ್ ಗೊತ್ತಿಲ್ಲದವರು ಫೆಸ್ಟ್ ದಿನ ಸ್ಟೇಜಿನ ಮೂಲೆ ನೋಡಿ. ಗಿಟಾರಿನ ವೈರು ಒಳಗೆ ಹೋಗಿ, ಮೈಕ್ ಕೇಬಲ್ ಹೊರಗೆ ಬರುವ ಸಣ್ಣ ಲೋಹದ ಡಬ್ಬಿ, ಅದೇ. ಈ ಸೆಮಿಸ್ಟರ್ ನಾವು ನಾಲ್ವರು ಅದನ್ನ ವಾಲ್ವ್ ಹಾಕಿ ಕಟ್ಟಿದೆವು. "ಅಜ್ಜನ ಕಾಲದ್ದು ಯಾಕೆ ಗುರು, ಒಂದು ಫೆಟ್ ಸಾಕಲ್ವಾ?" ಅಂತ ಕೇಳದವರಿಲ್ಲ. ಸಾಕು, ನಿಜ. ಆದರೆ ಜೋರಾಗಿ ಮೀಟಿದಾಗ 9 ವೋಲ್ಟ್ ಬ್ಯಾಟರಿ ಒಮ್ಮೊಮ್ಮೆ ಬಿಗಿಯಾಗುತ್ತೆ, 200 ವೋಲ್ಟಿಗೆ ಅದು ಲೆಕ್ಕಕ್ಕೇ ಇಲ್ಲ. ಜೊತೆಗೆ, ಸಿಲಬಸ್ಸಲ್ಲಿ ಇಲ್ಲದ್ದನ್ನ ಮುಟ್ಟಿ ನೋಡೋ ಆಸೆ.

ಮೀಟೋರು ನಮ್ಮ ಗೆಳೆಯನ ಅಮ್ಮ, ವೀಣೆ ಟೀಚರ್. ಪಾಠಗಳನ್ನ ರೆಕಾರ್ಡ್ ಮಾಡಿಡಬೇಕು ಅಂತ ಅವರಾಸೆ. ಮಾಮೂಲಿ ಡಬ್ಬಿಯಲ್ಲಿ ರೆಕಾರ್ಡ್ ಆದದ್ದು ಕೇಳಿ, "ಇದು ನನ್ನ ವೀಣೆ ಅಲ್ಲ ಕಣ್ರೋ" ಅಂದಿದ್ದರು.

ಕಾರಣ ಸರಳ. ವೀಣೆಗೆ ಅಂಟಿಸಿದ ಪೀಜೋ ಪಿಕಪ್ ಸರ್ಕ್ಯೂಟಿನ ಕಣ್ಣಿಗೆ ಒಂದು ಪುಟ್ಟ ಕೆಪಾಸಿಟರ್, ಸುಮಾರು 1 ನ್ಯಾನೋಫ್ಯಾರಡ್. ಬರೀ ಟ್ರಾನ್ಸ್‌ಫಾರ್ಮರ್ ಇರುವ ಡಬ್ಬಿಯ ಇನ್‌ಪುಟ್ ಇಂಪಿಡೆನ್ಸ್ 140 ಕಿಲೋ ಓಮ್ ಆಸುಪಾಸು. ಎರಡೂ ಸೇರಿದರೆ ಹೈಪಾಸ್ ಫಿಲ್ಟರ್, ಕಟಾಫ್ 1,100 ಹರ್ಟ್ಸ್ ಹತ್ತಿರ. ಮಂದ್ರವೆಲ್ಲ ಬಾಗಿಲಲ್ಲೇ ನಿಂತುಬಿಡುತ್ತೆ!

ಗುಜರಿಯಲ್ಲಿ ಸಿಕ್ಕ ವಾಲ್ವ್ ಇಸಿಸಿ82, ಮೇಲೆ ಬಿಇಎಲ್ ಮುದ್ರೆ. ಹೌದು, ಒಂದು ಕಾಲಕ್ಕೆ ನಮ್ಮ ಬೆಂಗಳೂರಲ್ಲೇ ವಾಲ್ವ್ ತಯಾರಾಗ್ತಿದ್ದವು. ಅದರ ಒಂದು ಟ್ರಯೋಡನ್ನ ಕ್ಯಾಥೋಡ್ ಫಾಲೋವರ್ ಮಾಡಿದೆವು. ಮಜಾ ಇರೋದು ಗ್ರಿಡ್ಡಿನ 1 ಮೆಗಾ ಓಮ್ ರೆಸಿಸ್ಟರಲ್ಲಿ. ಅದರ ಇನ್ನೊಂದು ತುದಿಯನ್ನ ನೆಲಕ್ಕೆ ಕಟ್ಟದೆ, ಕ್ಯಾಥೋಡ್ ಕಡೆಯ ರೆಸಿಸ್ಟರುಗಳ ನಡುವೆ ಸೇರಿಸಿದೆವು. ಗ್ರಿಡ್ 1 ವೋಲ್ಟ್ ಏರಿದರೆ ಆ ತುದಿಯೂ ಸುಮಾರು 0.9 ಏರುತ್ತೆ. ರೆಸಿಸ್ಟರಿಗೆ ಕಾಣೋದು ಹತ್ತನೇ ಒಂದು ಪಾಲು, ಹರಿಯೋ ಕರೆಂಟೂ ಅಷ್ಟೇ. ಅಂದರೆ 1 ಮೆಗಾ ಓಮ್, 10 ಮೆಗಾ ಓಮ್ ಥರ ನಡ್ಕೊಳ್ಳುತ್ತೆ. ಕಟಾಫ್ 16 ಹರ್ಟ್ಸ್! ಹೊರಗೆ 10:1 ಟ್ರಾನ್ಸ್‌ಫಾರ್ಮರ್, ಅಲ್ಲಿಂದ ಮೈಕ್ ಪ್ರಿಆಂಪ್.

ವಾಲ್ವ್ ಅಂದರೆ 'ಬೆಚ್ಚಗಿನ ಸೌಂಡ್' ಅನ್ನೋರಿದ್ದಾರೆ. ಈ ಸರ್ಕ್ಯೂಟಲ್ಲಿ ಔಟ್‌ಪುಟ್ ಪೂರ್ತಿ ಫೀಡ್‌ಬ್ಯಾಕ್ ಆಗೋದ್ರಿಂದ ಡಿಸ್ಟಾರ್ಷನ್ ಬಹಳ ಕಮ್ಮಿ. ಬೆಚ್ಚಗಿರೋದು ಗಾಜು ಮಾತ್ರ. ನಾವು ವೀಣೆಗೆ ಏನೂ ಸೇರಿಸಲಿಲ್ಲ, ಕದಿಯೋದನ್ನ ನಿಲ್ಲಿಸಿದೆವು ಅಷ್ಟೆ.

ನಿಜವಾದ ಭಯ ಬೇರೆಯದೇ. ಹೀಗೆ ಕಟ್ಟಿದಾಗ ಗ್ರಿಡ್ ಕೂಡ 90 ವೋಲ್ಟ್ ಸುತ್ತ ಕೂತಿರುತ್ತೆ, ಆ ಕಡೆ ತಂತಿ ಮೇಲೆ ಆಂಟಿಯ ಬೆರಳು. ಅದಕ್ಕೇ ನಡುವೆ 630 ವೋಲ್ಟಿನ ಫಿಲ್ಮ್ ಕೆಪಾಸಿಟರ್, ಅದು ಲೀಕಾದರೂ ಚಾರ್ಜ್ ಕೂಡಿಕೊಳ್ಳದ ಹಾಗೆ ಜ್ಯಾಕಿನಿಂದ ನೆಲಕ್ಕೆ 10 ಮೆಗಾ ಓಮ್. ಇದರಿಂದ ಇಂಪಿಡೆನ್ಸ್ ಅರ್ಧವಾಗಿ ಕಟಾಫ್ 32 ಹರ್ಟ್ಸಿಗೆ ಏರಿತು. ವೀಣೆಯ ಅತಿ ಕೆಳಗಿನ ಸ್ವರ ಅದಕ್ಕಿಂತ ಎಷ್ಟೋ ಮೇಲಿದೆ, ಬಿಟ್ಟುಕೊಟ್ಟೆವು. ಚಾಸಿಗೆ ಅರ್ಥಿಂಗ್, ಪವರ್ ಸಪ್ಲೈ ಕೆಪಾಸಿಟರ್ ಖಾಲಿ ಮಾಡೋಕೆ ಬ್ಲೀಡರ್ ರೆಸಿಸ್ಟರ್. ಲ್ಯಾಬ್ ಸರ್ ಎರಡನ್ನೂ ಮೀಟರ್ ಇಟ್ಟು ನೋಡಿದ ಮೇಲೇ ಡಬ್ಬಿ ಹೊರಗೆ ಬಿಟ್ಟಿದ್ದು.

ಆಂಟಿ ಅನುಮಂದ್ರ ತಂತಿ ಮೀಟಿ, ಹೆಡ್‌ಫೋನ್ ಒತ್ತಿ ಹಿಡಿದು, ಇನ್ನೊಮ್ಮೆ ಮೀಟಿದರು. "ಇದು ನಂದು" ಅಂದರು. ಆಮೇಲೆ, "ಹಿಂದೆ ಅದೇನೋ ಗುಂಯ್ ಅಂತಿದೆಯಲ್ಲ?"

ಹೀಟರಿನ 50 ಹರ್ಟ್ಸ್. ಈ ಶನಿವಾರ ಅದನ್ನ ಡಿಸಿಗೆ ಬದಲಾಯಿಸ್ತಿದ್ದೀವಿ. 6.3 ವೋಲ್ಟಿನ ರೆಗ್ಯುಲೇಟರ್ ಕಟ್ಟೋಕೆ ಕೈ ಬೇಕು, ಬರೋರು ಬನ್ನಿ.