ಗಾಳಿಯ ಊರಿನಲ್ಲಿ ಆರು ತಿಂಗಳು

ನವಲಗುಂದದ ಎರೆಹೊಲಗಳ ನಡುವೆ ಬೆಳೆದವನಿಗೆ ಗಾಳಿಯೇನೂ ಹೊಸತಲ್ಲ. ಮರದ ಮರೆಯಿಲ್ಲದ ಆ ಬಯಲಿನಲ್ಲಿ ಆಷಾಢದ ಗಾಳಿ ತಲೆಯ ರುಮಾಲನ್ನೇ ಕಸಿದುಕೊಂಡು ಹೋಗುವುದನ್ನು ಚಿಕ್ಕಂದಿನಿಂದಲೂ ಕಂಡಿದ್ದೇನೆ. ಆದರೆ ಗಾಳಿಯಿಂದಲೇ ಹೆಸರಾದ ಪಟ್ಟಣವೊಂದರಲ್ಲಿ ಆರು ತಿಂಗಳು ಬಾಳುವ ಯೋಗ ಬಂದೀತೆಂದು ಎಣಿಸಿರಲಿಲ್ಲ. ತೈವಾನ್ ದ್ವೀಪದ ವಾಯವ್ಯ ತೀರದ ಶಿಂಚು ಆ ಪಟ್ಟಣ. ಚೀನೀ ಭಾಷೆಯನ್ನಾಡುವ ಅಲ್ಲಿಯ ಜನ ಅದನ್ನು ‘ಗಾಳಿಯ ಊರು’ ಎಂದೇ ಕರೆಯುತ್ತಾರೆ.

ಇಡೀ ತೈವಾನಿನ ವಿಸ್ತೀರ್ಣ ಸುಮಾರು 36,000 ಚದರ ಕಿಲೋಮೀಟರು. ನಮ್ಮ ಕರ್ನಾಟಕದ ಐದನೆಯ ಒಂದು ಪಾಲಿಗಿಂತಲೂ ಕಡಿಮೆ. ಆದರೂ ಕಂಪ್ಯೂಟರುಗಳ ಮಿದುಳೆನ್ನಬಹುದಾದ ಚಿಪ್‌ಗಳಿಗಾಗಿ ಇಂದು ಜಗತ್ತೇ ಈ ದ್ವೀಪದ ಕಡೆಗೆ ನೋಡುತ್ತದೆ. ಶಿಂಚುವಿನಲ್ಲಿ 1980ರಲ್ಲಿ ವಿಜ್ಞಾನ ಉದ್ಯಾನವೊಂದು ಸ್ಥಾಪಿತವಾಯಿತು; 1987ರಲ್ಲಿ ಟಿ.ಎಸ್.ಎಂ.ಸಿ. ಸಂಸ್ಥೆ ಹುಟ್ಟಿತು. ಅಲ್ಲಿಯ ವಿಶ್ವವಿದ್ಯಾಲಯಗಳು ಹೊರನಾಡಿನ ವಿದ್ಯಾರ್ಥಿಗಳನ್ನು ಕೆಲವು ತಿಂಗಳ ತರಬೇತಿಗೆ ಕರೆಯಿಸಿಕೊಳ್ಳುವುದುಂಟು. ಹಾಗೆ ಕರೆ ಬಂದು, 2023ರ ಸೆಪ್ಟೆಂಬರಿನಲ್ಲಿ ನಾನು ಹೊರಟೆ. ಅದು ಮುಂಗಾರು ಕೈಕೊಟ್ಟ ವರ್ಷ. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರ ಘೋಷಿಸಿತು. ನಮ್ಮ ಹೆಸರಿನ ಬೆಳೆ ಕೈಗೆ ಹತ್ತಿರಲಿಲ್ಲ; ವಿಮಾನದ ಖರ್ಚಿಗೆ ಅಪ್ಪ ಕೈಗಡ ತಂದಿದ್ದ.

ಶಿಂಚುವಿನಲ್ಲಿ ಶರತ್ಕಾಲ ಬಂತೆಂದರೆ ಈಶಾನ್ಯದಿಂದ ಒಣಗಾಳಿ ಬೀಸತೊಡಗುತ್ತದೆ. ಸೈಕಲ್ಲು ಮುಂದೆ ಹೋಗದೆ ನಿಂತಲ್ಲೇ ನಿಲ್ಲುತ್ತದೆ. ಜನರಿಗೆ ಅದರ ಮೇಲೆ ಸಿಟ್ಟಿಲ್ಲ. ಅಕ್ಕಿಯ ಶಾವಿಗೆಯನ್ನು ಬಿದಿರಿನ ತಟ್ಟೆಗಳಲ್ಲಿ ಹರಡಿ ಇದೇ ಗಾಳಿಗೆ ಒಣಗಿಸುತ್ತಾರೆ. ಊರಿನ ಕೀರ್ತಿಯೆಲ್ಲ ಆ ಶಾವಿಗೆಯದು. ಮಾಳಿಗೆಯ ಮೇಲೆ ಅವ್ವ ಒಣಹಾಕುತ್ತಿದ್ದ ಶಾವಿಗೆ ನೆನಪಾಗಿ ಮೊದಲ ದಿನವೇ ಕಣ್ಣು ತೇವವಾಯಿತು.

ಸಂಜೆಯಾಗುತ್ತಲೇ ಬೀದಿಯಲ್ಲಿ ಬೆಥೋವನ್ನನ ಸಂಗೀತ ಕೇಳಿಬರುತ್ತದೆ. ಯಾವುದೋ ಮೆರವಣಿಗೆಯೆಂದು ಓಡಿಹೋಗಿ ನೋಡಿದರೆ ಅದು ಕಸದ ಗಾಡಿ! ಕಸವನ್ನು ನೆಲದ ಮೇಲಿಡುವಂತಿಲ್ಲ. ಹಾಡು ಕೇಳಿದೊಡನೆ ಹಿರಿಯರು ಕಿರಿಯರೆನ್ನದೆ ಎಲ್ಲರೂ ಚೀಲ ಹಿಡಿದು ಸಾಲುಗಟ್ಟುತ್ತಾರೆ. ಅಂಗಡಿಯ ಪ್ರತಿಯೊಂದು ರಸೀತಿಯೂ ಸರಕಾರದ ಲಾಟರಿ ಚೀಟಿ. ಎರಡು ತಿಂಗಳಿಗೊಮ್ಮೆ ಡ್ರಾ ಆಗುತ್ತದೆ. ರಸೀತಿಗಳನ್ನು ಕಟ್ಟುಕಟ್ಟಾಗಿ ಕೂಡಿಟ್ಟೆ. ಲಕ್ಷ್ಮಿ ಮಾತ್ರ ಒಲಿಯಲಿಲ್ಲ.

ಭಾಷೆಯ ಕಷ್ಟ ಬೇರೆಯೇ ಬಗೆಯದು. ಒಂದೇ ಶಬ್ದ ರಾಗ ಬದಲಾದರೆ ಅರ್ಥ ಬದಲಾಗುತ್ತದೆ. ‘ಮಾಯ್’ ಎಂಬುದನ್ನು ಇಳಿಸಿ ಏರಿಸಿದರೆ ಕೊಳ್ಳುವುದು. ಬಿರುಸಾಗಿ ಇಳಿಸಿದರೆ ಮಾರುವುದು. ಬಾಳೆಹಣ್ಣಿನಂಗಡಿಯಲ್ಲಿ ನಾನು ಬಹು ಗಂಭೀರವಾಗಿ ‘ಬಾಳೆಹಣ್ಣು ಮಾರುತ್ತೇನೆ’ ಎಂದೆನಂತೆ. ಅಂಗಡಿಯವನು ನನ್ನ ಬರಿಗೈ ನೋಡಿ ನಕ್ಕುಬಿಟ್ಟ. ಇನ್ನೊಮ್ಮೆ ಸೀಸೆಯೊಂದರ ಮೇಲೆ ಜೋಳದ ತೆನೆಯ ಚಿತ್ರ ಕಂಡು ಹಿಗ್ಗಿದೆ. ಪ್ರಯೋಗಶಾಲೆಯ ಗೆಳೆಯ ಕೈಹಿಡಿದು ತಡೆದ. ಕಿನ್ಮೆನ್ ನಡುಗಡ್ಡೆಯಲ್ಲಿ ಬಟ್ಟಿಯಿಳಿಸಿದ ಮದ್ಯವದು! ನಮ್ಮಲ್ಲಿ ರೊಟ್ಟಿಯಾಗುವ ಜೋಳ ಅಲ್ಲಿ ಸೀಸೆ ಸೇರಿತ್ತು.

ಶಾಕಾಹಾರಿಯಾದ ನನಗೆ ಆಸರೆಯಾದದ್ದು ಒಂದು ಬೌದ್ಧ ಖಾನಾವಳಿ. ಮಾಂಸವಷ್ಟೇ ಅಲ್ಲ, ಉಳ್ಳಾಗಡ್ಡಿ ಬೆಳ್ಳುಳ್ಳಿಗಳಿಗೂ ಅಲ್ಲಿ ಪ್ರವೇಶವಿಲ್ಲ. ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ ಕಡಿದು ಬೆಳೆದ ನವಲಗುಂದದವನಿಗೆ ಇದೊಂದು ಶಿಕ್ಷೆಯೇ ಸರಿ. ಅದನ್ನು ನಡೆಸುತ್ತಿದ್ದ ವೃದ್ಧೆಯನ್ನು ಎಲ್ಲರೂ ‘ಆಯೀ’ ಎನ್ನುತ್ತಿದ್ದರು. ಅವರಲ್ಲಿ ಅದಕ್ಕೆ ಚಿಕ್ಕಮ್ಮನೆಂದು ಅರ್ಥ. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ. ನನ್ನ ಮಟ್ಟಿಗೆ ಎರಡೂ ಒಪ್ಪುತ್ತಿದ್ದವು.

ಆಯಿ ಕಂಡಾಗಲೆಲ್ಲ ‘ಛೀ ಬಾವ್ ಲ ಮೇಯ್?’ ಎನ್ನುತ್ತಿದ್ದಳು. ಮೊದಲ ಸಲ ಬೆಚ್ಚಿದೆ. ನಮ್ಮಲ್ಲಿ ತಿರಸ್ಕಾರಕ್ಕೆ ಬಳಸುವ ‘ಛೀ’ ಅವರಲ್ಲಿ ತಿನ್ನುವುದಂತೆ! ‘ಹೊಟ್ಟೆ ತುಂಬ ಉಂಡೆಯಾ?’ ಎಂಬುದೇ ಅಲ್ಲಿಯ ಕುಶಲಪ್ರಶ್ನೆ. ಧಾರವಾಡದ ಕಡೆ ‘ಊಟಾ ಆತೇನ್ರಿ?’ ಎನ್ನುವುದಿಲ್ಲವೇ, ಹಾಗೆ. ಎರಡಕ್ಕೂ ಉತ್ತರ ಒಂದೇ: ಆಯಿತು.

ಮೊದಲ ಭತ್ಯೆ ಕೈಸೇರಲು ಐದು ವಾರ ಹಿಡಿಯಿತು. ತಂದ ಹಣ ಕೋಣೆಯ ಬಾಡಿಗೆಗೇ ಕರಗಿತು. ಊರಿಗೆ ತಿಳಿಸಿದರೆ ಅಪ್ಪ ಇನ್ನೊಂದು ಬಾಗಿಲು ತಟ್ಟಬೇಕು. ಒಂದು ಹೊತ್ತಿನ ಊಟ ಬಿಟ್ಟೆ. ನಮ್ಮೂರಿನಲ್ಲಿ ಏಳಕ್ಕೆ ದೀಪ ಹಚ್ಚುವಾಗ ಅಲ್ಲಿ ಒಂಬತ್ತೂವರೆ. ಆ ಹೊತ್ತಿಗೆ ಅವ್ವನ ಫೋನು: ‘ಉಂಡ್ಯೇನಪಾ?’ ‘ಉಂಡೇನವ್ವಾ.’ ಆಮೇಲೆ ಅಪ್ಪ: ‘ಹಿಂಗಾರಿ ಹದಾ ಆಗೇತಿ. ಕಡ್ಲಿ ಚಲೋ ಎದ್ದೈತಿ. ನೀ ಚಿಂತಿ ಮಾಡಬ್ಯಾಡ.’

ಒಂದು ಸಂಜೆ ಖಾನಾವಳಿಯ ಎದುರಿನ ಬದಿಯಿಂದ ತಲೆತಗ್ಗಿಸಿ ಸಾಗುತ್ತಿದ್ದೆ. ಆಯಿ ಬಾಗಿಲಲ್ಲಿ ನಿಂತು ಎಂದಿನಂತೆ ಕೇಳಿದಳು. ಎಂದಿನಂತೆ ‘ಆಯಿತು’ ಎಂದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಬಳಿಕ ರಸ್ತೆ ದಾಟಿ ಬಂದು ತೋಳು ಹಿಡಿದು ಒಳಗೆ ಕರೆದೊಯ್ದು ಕೂಡಿಸಿದಳು. ಅನ್ನ, ಎಲೆಕೋಸು, ತೋಫು, ಒಂದು ಬಟ್ಟಲು ಸಾರು. ಬರಿಯ ಜೇಬನ್ನು ಹೊರಗೆಳೆದು ತೋರಿಸಿದೆ. ಅವಳು ಬೆನ್ನು ತಿರುಗಿಸಿ ಪಾತ್ರೆ ತೊಳೆಯತೊಡಗಿದಳು. ನಾನು ಉಣ್ಣುವುದನ್ನು ನೋಡಲೊಲ್ಲಳಾದಳೆಂಬುದು ಎಷ್ಟೋ ಹೊತ್ತಿನ ಮೇಲೆ ತಿಳಿಯಿತು. ಹೀಗೆ ಒಂಬತ್ತು ದಿನ ನಡೆಯಿತು.

ಭತ್ಯೆ ಬಂದ ದಿನ ಒಂಬತ್ತು ಊಟದ ಹಣವನ್ನು ಎರಡೂ ಕೈಯಿಂದ ಅವಳ ಮುಂದೆ ಹಿಡಿದೆ. ಬೇಡವೆಂದಾಳೆಂದು ಅಂಜಿದ್ದೆ. ಅವಳು ಕನ್ನಡಕ ಏರಿಸಿ ಎಣಿಸಿ, ಹೆಚ್ಚಾಗಿದ್ದ ಹತ್ತು ಡಾಲರನ್ನು ಮರಳಿ ಕೊಟ್ಟು ಉಳಿದುದನ್ನು ಗಲ್ಲೆಗೆ ಹಾಕಿದಳು. ಆ ಹಣ ತೆಗೆದುಕೊಳ್ಳದಿದ್ದರೆ ನಾನು ಮತ್ತೆ ಆ ಬಾಗಿಲಿಗೆ ಹೋಗುತ್ತಿರಲಿಲ್ಲ.

2024ರ ಫೆಬ್ರುವರಿಯಲ್ಲಿ, ಚೀನೀ ಹೊಸ ವರ್ಷದ ಕೆಂಪು ದೀಪಗಳಿನ್ನೂ ತೂಗುತ್ತಿದ್ದಾಗ, ಹೊರಡುವ ಹೊತ್ತು ಬಂತು. ಆಯಿಗೊಂದು ಗೋಡೆಗಡಿಯಾರ ಕೊಡಬೇಕೆಂದಿದ್ದೆ. ಗಡಿಯಾರದ ಉಡುಗೊರೆ ಅವರಲ್ಲಿ ಸಾವಿನ ಸೂಚನೆಯೆಂದು ಗೆಳೆಯ ಹೇಳಿ ಉಳಿಸಿದ. ಕಡೆಗೆ ನಾನು ಹಾಸಿಕೊಳ್ಳಲೆಂದು ಒಯ್ದಿದ್ದ ನವಲಗುಂದದ ಜಮಖಾನೆಯನ್ನೇ ಕೊಟ್ಟೆ. ಅದರಲ್ಲಿ ನೆಯ್ದಿದ್ದ ನವಿಲನ್ನು ಬೆರಳಿನಿಂದ ಸವರಿ ಅವಳು ‘ಕುಂಗ್‌ಚ್ಯುಏ’ ಎಂದಳು. ನವಿಲೆಂದೇ ಅದರ ಅರ್ಥ. ಜಮಖಾನೆಯನ್ನು ತಾನು ಕೂಡುವ ಬೆಂಚಿನ ಮೇಲೆ ಹಾಸಿದಳು.

ಊರಿಗೆ ಬಂದು ಹಿತ್ತಲಿಗೆ ಹೋದೆ. ಕೊಟ್ಟಿಗೆಯಲ್ಲಿ ಎತ್ತುಗಳಿರಲಿಲ್ಲ. ಹೊಲದಲ್ಲಿ ಕಡಲೆ ಗೇಣೆತ್ತರಕ್ಕೇ ಒಣಗಿ ನಿಂತದ್ದನ್ನು ಮರುದಿನ ಕಂಡೆ. ‘ಕಡ್ಲಿ ಚಲೋ ಎದ್ದೈತಿ ಅಂದಿದ್ದೆಲ್ಲಪ್ಪಾ?’ ಎಂದು ಕೇಳಿದೆ. ಅಪ್ಪ ಬದುವಿನ ಮೇಲೆ ಕುಳಿತು ತಂಬಾಕು ತಿಕ್ಕುತ್ತ, ‘ನೀನೂ ದಿನಾ ಉಂಡೇನಿ ಅಂತಿದ್ದೆಲ್ಲೋ. ನಿನ್ನ ದನೀ ತಿಳಿಯೂದುಲ್ಲೇನು ನಿಮ್ಮವ್ವಗ?’ ಎಂದ.

ಮನೆಗೆ ಬಂದಾಗ ಅವ್ವ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ‘ಉಂಡ್ಯೇನಪಾ?’ ಎಂದು ರೂಢಿಯಂತೆ ಕೇಳಿದಳು. ‘ಇಲ್ಲವ್ವಾ, ಹಸಿದೇನಿ’ ಎಂದೆ. ಅವಳು ಮಣೆ ಹಾಕಿ, ಉಳ್ಳಾಗಡ್ಡಿಯೊಂದನ್ನು ಗುದ್ದಿ ತಟ್ಟೆಯಲ್ಲಿಟ್ಟಳು.