ಆಗುಂಬೆಯಲ್ಲಿ ಮನೆ ಮಾಡೋಣವೇ?

‘ಮಾಲ್ಗುಡಿ ಡೇಸ್’ ನೋಡಿದ ಅಜ್ಜ-ಅಜ್ಜಿಯರಿಗೆ ಆಗುಂಬೆ ಗೊತ್ತು. 1986ರಲ್ಲಿ ದೂರದರ್ಶನದಲ್ಲಿ ಬಂದ ಆ ಧಾರಾವಾಹಿಯನ್ನು ಶಂಕರ್ ನಾಗ್ ಹೆಚ್ಚಾಗಿ ಚಿತ್ರೀಕರಿಸಿದ್ದು ಇಲ್ಲೇ. ಮಕ್ಕಳೇ, ಅದರಲ್ಲಿ ಸ್ವಾಮಿ ಎಂಬ ಹುಡುಗನ ಮನೆಯಾಗಿದ್ದ ‘ದೊಡ್ಡಮನೆ’ಯನ್ನು ನೋಡಲು ಜನ ಈಗಲೂ ಬರುತ್ತಾರೆ.

ತೀರ್ಥಹಳ್ಳಿ ತಾಲ್ಲೂಕಿನ ಈ ಪುಟ್ಟ ಊರು ಇರುವುದು ಪಶ್ಚಿಮ ಘಟ್ಟದ ಅಂಚಿನಲ್ಲಿ. ಚಳಿಗಾಲದ ಸಂಜೆ ಸೂರ್ಯ ಕಡಲಿನ ಕಡೆಗೆ ಕೆಂಪಗೆ ಇಳಿಯುವುದನ್ನು ನೋಡಿದರೆ ‘ಇಲ್ಲೇ ಇದ್ದುಬಿಡೋಣ’ ಎನ್ನಿಸುತ್ತದೆ. ನನಗೂ ಅನ್ನಿಸಿತ್ತು.

ಆದರೆ ಊರಿನ ಇನ್ನೊಂದು ಮುಖ ಮಳೆಗಾಲ. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿಗೆ ಘಟ್ಟ ಅಡ್ಡ ನಿಲ್ಲುತ್ತದೆ. ಗಾಳಿ ಮೇಲೇರಿ, ತಣ್ಣಗಾಗಿ, ಮಳೆಯಾಗಿ ಸುರಿಯುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು! ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವುದು ಸರಾಸರಿ ಸುಮಾರು 1,000 ಮಿಲಿಮೀಟರ್ ಅಷ್ಟೆ. ಆಗ ಬಟ್ಟೆ ಒಣಗದು, ಗೋಡೆಗೆ ಬೂಷ್ಟು, ಕರೆಂಟು ಬಂದಾಗ ಬಂತು. ಮಲೆನಾಡಿನವರು ಬೇಸಿಗೆಯಲ್ಲೇ ಸೌದೆ, ಹಪ್ಪಳ, ಉಪ್ಪಿನಕಾಯಿ ಕೂಡಿಡುವುದು ಇದಕ್ಕೇ. ವಯಸ್ಸಾದವರಿಗೆ ದೊಡ್ಡ ಆಸ್ಪತ್ರೆಯೂ ದೂರ.

ಹಾಗಾದರೆ ಹೋಗಬಾರದೇ? ಖಂಡಿತ ಹೋಗಿ. ಮನೆ ಮಾಡುವ ಆಸೆಯಿದ್ದರೆ ಮಾತ್ರ ಮೊದಲು ಜುಲೈಯಲ್ಲಿ ಹದಿನೈದು ದಿನ ಇದ್ದು ನೋಡಿ. ಆ ಮಳೆಯ ಸದ್ದಿನಲ್ಲಿ ನಿಮಗೆ ನೆಮ್ಮದಿಯ ನಿದ್ದೆ ಬಂದರೆ, ಆಗುಂಬೆ ನಿಮ್ಮೂರೂ ಆದೀತು.