ಯಾವ ಸ್ಕ್ಯಾನ್, ಡಾಕ್ಟ್ರೇ?

ನಮ್ಮ ಧರ್ಮಕೇಂದ್ರದ ಆ ದಂಪತಿಗಳಿಗೆ ಮದುವೆಯಾಗಿ ಆರು ವರ್ಷವಾದರೂ ಮಕ್ಕಳಿರಲಿಲ್ಲ. ಆಕೆಗೆ ಮುಟ್ಟು ನಿಂತಿತ್ತು. ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಹೆಚ್ಚಿತ್ತು. ತಲೆಯ ಸಿ.ಟಿ. ಸ್ಕ್ಯಾನಿನಲ್ಲಿ ಏನೂ ಕಾಣದಾಗ, “ಇನ್ನು ಖರ್ಚು ಬೇಡ, ದೇವರ ಮೇಲೆ ಭಾರ ಹಾಕಿ” ಎಂದವರು ನಾವೇ.

ಮಂಗಳೂರಿನ ವೈದ್ಯರು ನಮಗೇ ಪಾಠ ಹೇಳಿದರು: “ಫಾದರ್, ಸಿ.ಟಿ. ಬೇಗ ಮುಗಿಯುತ್ತದೆ, ಎಲುಬನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ಪಿಟ್ಯುಟರಿ ಗ್ರಂಥಿ ಕಡಲೆಕಾಳಿನಷ್ಟೇ. ಅದರೊಳಗಿನ 10 ಮಿ.ಮೀ.ಗಿಂತ ಸಣ್ಣ ಗಡ್ಡೆ ಅದರಲ್ಲಿ ತಪ್ಪಿಹೋಗಬಹುದು. ಕಾಂಟ್ರಾಸ್ಟ್ ಕೊಟ್ಟು ಎಂ.ಆರ್.ಐ. ಮಾಡಬೇಕು. ಅದಕ್ಕೆ ಹೊಂದದ ಪೇಸ್‌ಮೇಕರ್ ಇದ್ದವರಿಗೆ ಸಿ.ಟಿ.ಯೇ ಗತಿ.”

ಎಂ.ಆರ್.ಐ.ಯಲ್ಲಿ 6 ಮಿ.ಮೀ. ಗಡ್ಡೆ ಕಂಡಿತು. ಕ್ಯಾನ್ಸರ್ ಅಲ್ಲ, ಮಾತ್ರೆಗೇ ಕುಗ್ಗುವಂಥದ್ದು.

ಪ್ರಿಯ ಕುಟುಂಬಗಳೇ, ಪ್ರಾರ್ಥನೆ ಬಿಡಬೇಡಿ. ಯಾವ ಸ್ಕ್ಯಾನ್, ಏಕೆ ಎಂದು ವೈದ್ಯರನ್ನು ಕೇಳಲು ನಾಚಬೇಡಿ. ನಾವಂತೂ ಆ ದಂಪತಿಗಳ ಕ್ಷಮೆ ಕೇಳಿದ್ದೇವೆ.